ನೆರಳಿನ ಜೊತೆ ಕತ್ತಿವರಸೆ

ಹೊಳೆಯ ದಡದಲ್ಲಿ ಹಂಪಮ್ಮನ ಗರಡಿಯಿತ್ತು. ಗರಡಿ ಅಂದರೆ ಒಂದು ಚಪ್ಪರ, ಅದರ ಮುಂದೆ ಒಂದಿಷ್ಟು ಮರಳು. ಕತ್ತಿವರಸೆಯಲ್ಲಿ ಆಕೆಯನ್ನು ಮೀರಿಸುವವರಿಲ್ಲ ಎಂದು ಊರೆಲ್ಲ ಹೇಳುತ್ತಿತ್ತು. ಆಕೆ ಮಾತ್ರ ಹೇಳುತ್ತಿರಲಿಲ್ಲ.

ಶಿಷ್ಯ ಬೊಮ್ಮಣ್ಣ ಮೂರು ವರ್ಷದಿಂದ ಬಿದಿರಿನ ಕತ್ತಿ ಬೀಸುತ್ತಿದ್ದ. ಅವನ ಕಣ್ಣೆಲ್ಲ ಚಪ್ಪರದ ಕಂಬಕ್ಕೆ ತೂಗುಹಾಕಿದ್ದ ಉಕ್ಕಿನ ಕತ್ತಿಯ ಮೇಲೆ.

ಬೇಸಿಗೆ ಬಂತು. ಉಳಿದ ಶಿಷ್ಯರು ಊರಿಗೆ ಹೋದರು. ಹಂಪಮ್ಮನೂ ಗಂಟು ಕಟ್ಟಿದಳು.

"ನೀವೆಲ್ಲಿಗೆ ಅವ್ವಾ?" ಎಂದ ಬೊಮ್ಮಣ್ಣ.

"ಮಗಳ ಬಾಣಂತನಕ್ಕೆ. ಎರಡು ತಿಂಗಳು."

ಬೊಮ್ಮಣ್ಣ ಕಂಬದ ಕಡೆ ನೋಡಿದ. "ಹಾಗಾದರೆ ಉಕ್ಕಿನ ಕತ್ತಿ?"

"ಬಂದಮೇಲೆ ನಿನ್ನನ್ನು ನೋಡುತ್ತೇನೆ. ಸರಿಯಿದ್ದರೆ ಕೊಡುತ್ತೇನೆ."

"ನೀವಿಲ್ಲದೆ ನನ್ನ ತಪ್ಪು ತೋರಿಸುವವರು ಯಾರು?"

"ತಪ್ಪು ಎಲ್ಲಿಗೂ ಓಡಿಹೋಗುವುದಿಲ್ಲ ಬಿಡು," ಎಂದು ಹಂಪಮ್ಮ ದೋಣಿ ಹತ್ತಿದಳು.

ಮೊದಲ ವಾರ ಬೊಮ್ಮಣ್ಣ ದಿನಕ್ಕೆ ಸಾವಿರ ಸಲ ಬೀಸಿದ. ಎರಡನೆಯ ವಾರ ಎಣಿಕೆ ತಪ್ಪತೊಡಗಿತು. ಭುಜ ಏರಿತೋ, ಹೆಜ್ಜೆ ತಡವಾಯಿತೋ, ಹೇಳುವವರಿಲ್ಲ. ಬೀಸುವುದು, ನಿಲ್ಲುವುದು, ನೀರು ಕುಡಿಯುವುದು, ಮತ್ತೆ ಬೀಸುವುದು. ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು.

ಕೊನೆಗೆ ಅಂಬಿಗ ತಿಪ್ಪಯ್ಯನನ್ನೇ ಕರೆದ. "ಸ್ವಲ್ಪ ನೋಡಿ ಹೇಳಪ್ಪಾ, ಹೇಗಿದೆ?"

ತಿಪ್ಪಯ್ಯ ಬೀಡಿ ಮುಗಿಯುವವರೆಗೆ ನೋಡಿದ. "ಗಾಳಿಗೆ ಒಳ್ಳೇ ಏಟು ಬಿದ್ದಿದೆ," ಎಂದು ಎದ್ದುಹೋದ.

ಮರುದಿನ ಬೆಳಿಗ್ಗೆ ಬೊಮ್ಮಣ್ಣನಿಗೆ ಎದುರಾಳಿ ಸಿಕ್ಕ. ಬೊಮ್ಮಣ್ಣ ಸೂರ್ಯನಿಗೆ ಬೆನ್ನು ಮಾಡಿ ನಿಂತಿದ್ದ. ಮರಳಿನ ಮೇಲೆ ಉದ್ದನೆಯ ಆಸಾಮಿಯೊಬ್ಬ ಮಲಗಿದ್ದ. ಇವನು ಕತ್ತಿ ಎತ್ತಿದರೆ ಅವನೂ ಎತ್ತಿದ.

ಅಂದಿನಿಂದ ದಿನವೂ ಅವನ ಜೊತೆ ಕಾದಾಟ. ನೆರಳಿನ ತಲೆಗೆ ಗುರಿಯಿಟ್ಟು ಬೀಸುವುದು. ಎರಡನೆಯ ತಿಂಗಳ ಹೊತ್ತಿಗೆ ಒಂದು ಏಟೂ ತಪ್ಪುತ್ತಿರಲಿಲ್ಲ.

ಹಂಪಮ್ಮ ಮರಳಿ ಬಂದಳು. ಮೈಯಿಂದ ಇನ್ನೂ ಮಗುವಿಗೆ ತೇಯ್ದ ಬಜೆಯ ವಾಸನೆ. ಗಂಟನ್ನು ಕೆಳಗಿಟ್ಟವಳೇ ಬಿದಿರಿನ ಕತ್ತಿ ಹಿಡಿದು ಮರಳಿಗಿಳಿದಳು.

"ಬಾರಪ್ಪಾ."

ಬೊಮ್ಮಣ್ಣ ಸೂರ್ಯನನ್ನು ಬೆನ್ನಿಗೆ ಹಾಕಿಕೊಂಡು ನಿಂತ. ಕತ್ತಿ ಎತ್ತಿದ. ಕಣ್ಣು ತಾನಾಗಿ ಕೆಳಗೆ ಜಾರಿತು.

ಫಟ್! ಹಂಪಮ್ಮನ ಏಟು ಅವನ ನೆತ್ತಿಗೆ ಬಿತ್ತು.

"ಇನ್ನೊಮ್ಮೆ," ಎಂದ ಬೊಮ್ಮಣ್ಣ.

ಇನ್ನೊಮ್ಮೆಯೂ ನೆತ್ತಿಗೇ. ಮೂರನೆಯ ಸಲ ಹಂಪಮ್ಮ ಅವನ ಗದ್ದಕ್ಕೆ ಕತ್ತಿಯ ತುದಿ ಕೊಟ್ಟು ಮುಖ ಮೇಲೆತ್ತಿದಳು.

"ನಾನು ಇಲ್ಲಿದ್ದೇನೆ. ನೆಲದಲ್ಲಿ ಏನು ಹುಡುಕುತ್ತೀಯ?"

ಬೊಮ್ಮಣ್ಣ ನಾಚಿ ಎಲ್ಲವನ್ನೂ ಹೇಳಿದ.

"ಎಷ್ಟು ದಿನ ಅವನ ಜೊತೆ ಆಡಿದೆ?"

"ನಲವತ್ತು ದಿನ."

"ಅವನಿಂದ ಎಷ್ಟು ಏಟು ತಿಂದೆ?"

"ಒಂದೂ ಇಲ್ಲ, ಅವ್ವಾ."

"ಆಹಾ! ಒಳ್ಳೇ ಸ್ನೇಹಿತ." ಹಂಪಮ್ಮ ಅವನ ಭುಜ ಹಿಡಿದು ಸೂರ್ಯನ ಕಡೆಗೆ ತಿರುಗಿಸಿದಳು. ನೆರಳು ಹಿಂದಕ್ಕೆ ಹೋಯಿತು. ಎದುರಿಗೆ ಬರೀ ಬೆಳಕು, ಅದರಾಚೆ ಹೊಳೆ.

"ಈಗ ಬೀಸು."

"ಯಾರೂ ಕಾಣುತ್ತಿಲ್ಲವಲ್ಲ!"

"ಕಾಣದಿದ್ದರೆ ಇಲ್ಲವೇನು? ಬೀಸು."

ಬೊಮ್ಮಣ್ಣ ಬೀಸಿದ. ಕಣ್ಣಲ್ಲಿ ನೀರು ಬಂತು. ಮತ್ತೆ ಬೀಸಿದ. ಎಲ್ಲಿಂದಲೋ ಯಾರೋ ನುಗ್ಗಿ ಬರಬಹುದು ಅನ್ನಿಸಿ ಹೆಜ್ಜೆ ಅರ್ಧ ಹಿಂದಕ್ಕೆ ಸರಿಯಿತು. ಅವನಿಗೆ ತನ್ನ ಮೇಲೇ ಸಿಟ್ಟು ಬಂತು.

ಹಂಪಮ್ಮ ಚಪ್ಪರದತ್ತ ನಡೆದಿದ್ದಳು.

"ಉಕ್ಕಿನ ಕತ್ತಿ ಯಾವಾಗ ಅವ್ವಾ?" ಎಂದು ಅವನು ಕೂಗಿದ.

ಆಕೆ ತಿರುಗಿ ನೋಡಲಿಲ್ಲ.

"ಒಬ್ಬನೇ ಇದ್ದಾಗ ಏಟು ತಿಂದು ಬಾ. ಅವತ್ತೇ ಕೊಡುತ್ತೇನೆ."