ಹೊನ್ನೆಮರದ ರಸ ಕೆಂಪಗಾದದ್ದು

ಆಗ ಭೂಮಿ ಇನ್ನೂ ಹಸಿಹಸಿಯಾಗಿತ್ತು. ಸಮುದ್ರಕ್ಕೆ ಉಪ್ಪು ಬಿದ್ದು ಹೆಚ್ಚು ದಿನವಾಗಿರಲಿಲ್ಲ. ಮರಗಳೂ ಗಾಳಿಯೂ ಮನುಷ್ಯರ ಜೊತೆ ಕೂತು ಹರಟುತ್ತಿದ್ದವು.

ದೂರದ ಮೂಡಣ ಕಡಲಿನಲ್ಲಿ, ಲವಂಗ ಬೆಳೆಯುವ ಮಲುಕು ದ್ವೀಪಗಳಿವೆ. ಅವುಗಳಲ್ಲಿ ಒಂದರ ಗುಡ್ಡದ ಮೇಲೆ ಒಂದು ಹೊನ್ನೆಮರವಿತ್ತು. ಕಡಿದರೆ ನೀರಿನಂಥ ರಸ ಬರುತ್ತಿತ್ತು. ಹೌದು ಮಗೂ, ನೀರಿನಂಥದ್ದೇ. ಕೆಂಪು ಎಲ್ಲಿಂದ ಬಂತು ಅಂತ ಆತುರ ಬೇಡ, ಹೇಳುತ್ತೇನೆ.

ಗುಡ್ಡದ ಕೆಳಗೆ ಇನಾ ಲೆಸಿ ಇದ್ದಳು. ಇನಾ ಅಂದರೆ ಅಲ್ಲಿ ಅಮ್ಮ. ಮರ ಕೊರೆದು ದೋಣಿ ಮಾಡುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಅವಳ ದೋಣಿಯ ತಳದಲ್ಲಿ ಒಂದು ಹನಿ ನೀರೂ ಜಿನುಗಿದ್ದಿಲ್ಲ. ಅದನ್ನು ಅವಳೇ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು. ಜಂಬವೇ, ಆದರೆ ದುಡಿದು ಗಳಿಸಿದ ಜಂಬ.

ಒಂದು ಬೆಳಿಗ್ಗೆ ಅವಳ ಮಗಳು ವಾಯೆಲಾ ಹತ್ತು ಜನ ಅಂಬಿಗರನ್ನು ಕಟ್ಟಿಕೊಂಡು ಮೀನಿಗೆ ಹೋದಳು. ಬಿಸಿಲೇರುವ ಹೊತ್ತಿಗೆ ಕಡಲ ಮೇಲೆ ಮಂಜು ಕವಿಯಿತು. ಎಂಥ ಮಂಜು! ಚಾಚಿದ ಕೈ ಕಾಣದಂಥ ಮಂಜು.

ಊರೇ ದಡದಲ್ಲಿ ನಿಂತು ಕೂಗಿತು. "ವಾಯೆಲಾ! ಇತ್ತ ಬಾರೇ! ವಾಯೆಲಾ!"

ಗಾಳಿ ಹೇಳಿತು, "ಸುಮ್ಮನೆ ಗಂಟಲು ಹರಿದುಕೊಳ್ಳಬೇಡಿ. ನಿಮ್ಮ ದನಿ ಹತ್ತು ಮಾರು ಹೋಗಿ ನೀರಿಗೆ ಬೀಳ್ತಿದೆ."

ಸಮುದ್ರ ಹೇಳಿತು, "ಸಂಜೆಯೊಳಗೆ ಅವರು ದಡ ಸೇರಬೇಕು. ಆಮೇಲೆ ನನ್ನ ಸೆಳೆತ ನನ್ನ ಮಾತೂ ಕೇಳಲ್ಲ. ದೋಣಿಯನ್ನ ಎಲ್ಲಿಗೆ ಒಯ್ಯುತ್ತೋ ಗೊತ್ತಿಲ್ಲ."

ಇನಾ ಲೆಸಿ ಗುಡ್ಡ ಹತ್ತಿ ಓಡಿದಳು. ಎಷ್ಟೇ ಅವಸರವಿದ್ದರೂ ಕೇಳದೆ ಮರ ಮುಟ್ಟುವವಳಲ್ಲ ಅವಳು. ಬುಡದಲ್ಲಿ ಎಲೆ ಅಡಿಕೆ ಇಟ್ಟು ಕೇಳಿದಳು, "ಅಣ್ಣಾ, ಮಂಜು ದಾಟೋ ದನಿ ಯಾರ ಹತ್ರ ಇದೆ?"

"ನನ್ನ ಹತ್ರ ಇದೆ," ಎಂದಿತು ಹೊನ್ನೆಮರ. "ಆದರೆ ಎದೆ ತುಂಬಿಕೊಂಡಿದೆ, ಹೊರಗೆ ಬರ್ತಿಲ್ಲ. ನನ್ನ ದಪ್ಪ ಕೊಂಬೆ ತಗೋ, ಒಳಗೆಲ್ಲ ಕೊರೆದುಬಿಡು."

ಅವಳು ಕೊಂಬೆ ಕಡಿದಳು, ಕೊರೆದಳು. ಬಾಯಿಗೆ ಮೇಕೆಯ ಚರ್ಮ ಬಿಗಿದು ಬೆತ್ತದ ಬಳೆ ತೊಡಿಸಿದಳು. ತೆಂಗಿನ ಸಿಪ್ಪೆಯ ಬೆಂಕಿಗೆ ಹಿಡಿದು ಚರ್ಮ ಕಾಯಿಸಿದಳು. ಬಡಿದಳು.

ದಬ್. ಅಷ್ಟೇ. ಒದ್ದೆ ಚಾಪೆಗೆ ಗುದ್ದಿದ ಹಾಗೆ.

ಗಾಳಿ ನಕ್ಕುಬಿಟ್ಟಿತು. "ಲೇ ಲೆಸಿ, ಇದಕ್ಕೆ ತಳ ಯಾಕೆ ಉಳಿಸಿದ್ದೀಯ? ದನಿ ಒಳಗೆ ಹೋಯ್ತು, ಹೊರಗೆ ಬರೋದು ಯಾವ ಕಡೆಯಿಂದ?"

"ತಳ ತೂತಾದ್ರೆ ಮುಳುಗುತ್ತಲ್ಲೋ!"

ಹುಚ್ಚಿ! ದೋಣಿ ಮಾಡಿ ಮಾಡಿ ಕೈಗೆ ಅದೇ ಅಭ್ಯಾಸವಾಗಿತ್ತು.

"ನಾನು ತೇಲಬೇಕಾಗಿಲ್ಲ ತಾಯಿ, ಮಾತಾಡಬೇಕು," ಎಂದಿತು ಮರ. "ತಳ ಒಡಿ."

ಜನ್ಮದಲ್ಲಿ ಒಂದು ತಳವನ್ನೂ ಒಡೆದವಳಲ್ಲ ಅವಳು. ಉಳಿಯನ್ನು ತಳಕ್ಕಿಟ್ಟಳು, ಹಿಂತೆಗೆದಳು. ಮಗಳ ಮುಖ ನೆನಪಾಯಿತು. ಕಣ್ಣು ಮುಚ್ಚಿ ಒಂದೇ ಏಟು ಹಾಕಿದಳು, ತಳ ಹಾರಿಹೋಯಿತು.

ಮತ್ತೆ ಬಡಿದಳು. ಧುಂ!

ದಡದ ಮರಳು ಅದುರಿತು. ಧುಂ! ಧುಂ! ಗಾಳಿ ನಗು ನಿಲ್ಲಿಸಿ ಆ ದನಿಯನ್ನು ಹೆಗಲಿಗೇರಿಸಿಕೊಂಡು ಓಡಿತು.

ದೂರದ ಮಂಜಿನಲ್ಲಿ ವಾಯೆಲಾ ಕಿವಿ ನಿಮಿರಿಸಿದಳು. "ಕೇಳ್ರೋ! ಊರು ಆ ಕಡೆ ಇದೆ! ಧುಂ ಅಂದಾಗ ಹುಟ್ಟು ಹಾಕಿ!" ಅಲ್ಲಿಯವರೆಗೆ ಒಬ್ಬೊಬ್ಬರು ಒಂದೊಂದು ಕಡೆ ಎಳೆಯುತ್ತಿದ್ದ ಹತ್ತು ಹುಟ್ಟುಗಳು ಒಟ್ಟಿಗೆ ನೀರಿಗಿಳಿದವು. ಧುಂ, ಒಂದು ಹುಟ್ಟು. ಧುಂ, ಇನ್ನೊಂದು ಹುಟ್ಟು.

ಇನಾ ಲೆಸಿ ಕೈ ನಿಲ್ಲಿಸಲಿಲ್ಲ. ಅಂಗೈ ಸಿಡಿದು ರಕ್ತ ಬಂತು, ನಿಲ್ಲಿಸಲಿಲ್ಲ. ಸೂರ್ಯ ಕಡಲಿಗೆ ತಾಗುವ ಮುಂಚೆ ದೋಣಿಯ ಮೂತಿ ಮಂಜನ್ನು ಸೀಳಿಕೊಂಡು ಬಂತು. ಹತ್ತೂ ಜನ ಇದ್ದರು. ವಾಯೆಲಾ ಇದ್ದಳು.

ದಡಕ್ಕೆ ಓಡಿ ಇಳಿದು ಮಗಳನ್ನು ಅಪ್ಪಿ ಅತ್ತ ಮೇಲೆ ಆ ತಾಯಿ ಮಾಡಿದ ಮೊದಲ ಕೆಲಸ ಏನು ಗೊತ್ತೇ? ಮತ್ತೆ ಗುಡ್ಡ ಹತ್ತಿದಳು. ಕೊಂಬೆ ಕಡಿದ ಜಾಗದಲ್ಲಿ ರಸ ಇಳಿಯುತ್ತಿತ್ತು. ಒಡೆದ ಎರಡೂ ಅಂಗೈಗಳನ್ನು ಆ ಗಾಯಕ್ಕೆ ಒತ್ತಿ, "ನೋವಾಯ್ತಾ ಅಣ್ಣಾ?" ಎಂದಳು. ನೀರಿನಂಥ ರಸ ಕೆಂಪಾಯಿತು.

"ಮಳೆ ತಂದು ತೊಳೆದುಬಿಡಲಾ?" ಎಂದು ಗಾಳಿ ಕೇಳಿತು.

"ಮುಟ್ಟಬೇಡ!" ಎಂದಿತು ಹೊನ್ನೆಮರ. "ಇವತ್ತು ನಾನು ಹನ್ನೊಂದು ಜನರನ್ನ ಮನೆಗೆ ಕರೆದಿದ್ದೀನಿ. ಈ ಬಣ್ಣ ನನ್ನ ಮಕ್ಕಳಿಗೂ ಮೊಮ್ಮಕ್ಕಳಿಗೂ ಇರಲಿ. ಎಲ್ಲೆಲ್ಲಿ ನನ್ನ ನೆಂಟರಿದ್ದಾರೋ ಅಲ್ಲೆಲ್ಲ ಹೇಳಿ ಬಾ."

ಗಾಳಿ ಹೇಳಿ ಬಂತು. ನಮ್ಮ ಕಾಡಿನ ಹೊನ್ನೆಗೂ ಹೇಳಿತು.

ಆ ವಾದ್ಯಕ್ಕೆ ಅಲ್ಲಿಯವರು ತೀಫಾ ಎನ್ನುತ್ತಾರೆ. ದೋಣಿಗೆ ತಾಳ ಹಾಕಲು, ಊರನ್ನು ಸಭೆಗೆ ಕರೆಯಲು, ವೀರರ ಕುಣಿತಕ್ಕೆ, ಬಂದ ನೆಂಟರನ್ನು ಎದುರುಗೊಳ್ಳಲು ಮೊದಲು ತೀಫಾ ನುಡಿಯಬೇಕು. ಅದಕ್ಕೆ ಇಂದಿಗೂ ತಳವಿಲ್ಲ.

ನಿನ್ನೆ ಹೊನ್ನೆಮರದಲ್ಲಿ ಕೆಂಪು ಕಂಡು ಹೆದರಿ ಓಡಿ ಬಂದೆಯಲ್ಲ ಮಗೂ, ಇನ್ನು ಹೆದರಬೇಡ, ಹತ್ತಿರ ಹೋಗಿ ನೋಡು: ಮಗಳನ್ನು ಮನೆಗೆ ಕರೆದ ಅಮ್ಮನ ಅಂಗೈಯನ್ನು ಆ ಮರ ಇವತ್ತಿಗೂ ಎಲ್ಲರಿಗೂ ತೋರಿಸುತ್ತಿದೆ.