ಹೂವನ್ನು ಬಿಟ್ಟುಕೊಡದ ಅಚ್ಚು

ಕ್ರಿಸ್‌ಮಸ್‌ಗೆ ಕುಸ್ವಾರ್ ತಿಂಡಿಗಳನ್ನು ಮಾಡಲೆಂದು ಸೆವ್ರಿನ್ ಬಾಯಮ್ಮ ಗುಲಾಬಿ ಹೂವಿನ ಹೊಸ ಕಬ್ಬಿಣದ ಅಚ್ಚೊಂದನ್ನು ತಂದರು. ಹಿಟ್ಟಿನಲ್ಲಿ ಅದ್ದಿ ಕಾದ ಎಣ್ಣೆಗೆ ಇಳಿಸಿದರೆ ಅದು ಮೈಗಂಟಿದ ಹಿಟ್ಟಿನ ಹೂವನ್ನು ಬಿಡಲೇ ಇಲ್ಲ. "ಇಷ್ಟು ಚೆಂದದ ಹೂವು ಹುಟ್ಟಿದ್ದು ನನ್ನಲ್ಲಿ, ಯಾಕೆ ಕೊಡಲಿ?" ಎಂದು ಬಿಗಿಯಾಗಿ ಅಪ್ಪಿಕೊಂಡಿತು. ಹೂವು ಕರಕಲಾಯಿತು. ಎರಡನೆಯದಕ್ಕೂ ಅದೇ ಗತಿ.

"ಇನ್ನೊಂದು ಹೂವು ಕೆಡಿಸಿದರೆ ನಿನ್ನನ್ನು ಗುಜರಿಗೆ ಹಾಕುತ್ತೇನೆ" ಎಂದು ಬಾಯಮ್ಮ ಅಚ್ಚನ್ನು ಕೆರೆದು, ಬಿಸಿ ಎಣ್ಣೆಯಲ್ಲಿ ನೆನೆಯಲು ಬಿಟ್ಟರು.

ಹಿಡಿ ಮುರಿದು ಕಿಟಕಿಯಲ್ಲಿ ಕೂತಿದ್ದ ಹಳೆಯ ಅಚ್ಚು ಕೇಳಿತು: "ಕರಕಲು ಇಟ್ಟುಕೊಂಡು ಏನು ಮಾಡುತ್ತೀ ತಂಗಿ?"

"ಸಾವಿರಾರು ಹೂವು ಕೊಟ್ಟೆಯಲ್ಲ ಅಕ್ಕ, ನಿನಗೇನು ಉಳಿಯಿತು?"

"ನನ್ನ ಮೈ ನೋಡು. ಒಂದು ಚುಕ್ಕೆ ತುಕ್ಕಿಲ್ಲ. ಒಂದೊಂದು ಹೂವೂ ಹೋಗುವಾಗ ಒಂದಿಷ್ಟು ಎಣ್ಣೆಯ ಜಿಡ್ಡನ್ನು ನನಗೆ ಬಿಟ್ಟೇ ಹೋಯಿತು. ಅವುಗಳ ಋಣದಲ್ಲಿ ಹೊಳೆಯುತ್ತಿದ್ದೇನೆ."

ಹೊಸ ಅಚ್ಚು ಅಕ್ಕನ ಹೊಳೆಯುವ ಮೈಯನ್ನೇ ನೋಡಿತು. ಬಾಯಮ್ಮ ಮತ್ತೆ ಅದನ್ನು ಹಿಟ್ಟಿಗೆ ಅದ್ದಿ, ಎಣ್ಣೆಗೆ ಇಳಿಸಿ, ಮೆಲ್ಲಗೆ ಅಲುಗಿಸಿದಾಗ ಅದು ಹಿಡಿತ ಸಡಿಲಿಸಿತು. ಹೂವು ಕಳಚಿಕೊಂಡು ತೇಲಿತು, ಹೊಂಬಣ್ಣಕ್ಕೆ ತಿರುಗಿತು.

ಸಂಜೆಯ ಹೊತ್ತಿಗೆ ತಟ್ಟೆಗಳು ತುಂಬಿ, ಕಸೂತಿ ಬಟ್ಟೆ ಹೊದ್ದು, ನೆರೆಮನೆಗಳಿಗೆ ಹೊರಟವು.

"ನಿನಗೆ ಎಷ್ಟು ಹೂವು ಉಳಿಯಿತು ತಂಗಿ?" ಎಂದಿತು ಹಳೆಯದು.

"ಒಂದೂ ಇಲ್ಲ ಅಕ್ಕ" ಎಂದಿತು ಹೊಸದು. ಹಾಗೆನ್ನುವಾಗ ಒಲೆಯ ಬೆಳಕು ಬಿದ್ದು, ಅದರ ಮೈ ಎಸಳೆಸಳಾಗಿ ಮಿಂಚಿತು.