ಮಲ್ಲಿಶೆಟ್ಟರ ಮೂರು ದಿನದ ಪಂಡಿತಿಕೆ

"ಇವತ್ತಿನಿಂದ ನನ್ನನ್ನು ಪಂಡಿತರೇ ಅಂತ ಕರೆಯದೆ ಹೋದರೆ ಅಂಗಡಿ ಬಾಗಿಲು ಹಾಕ್ತೀನಿ, ಮಹಾಸ್ವಾಮಿ!"

ಹೀಗೆಂದು ಗ್ರಂಧಿಗೆ ಅಂಗಡಿಯ ಮಲ್ಲಿಶೆಟ್ಟರು ಬಿಳಿಗೆರೆಯ ದೊರೆಯ ಮುಂದೆ ಹೊಟ್ಟೆ ಮುಂದೆ ಮಾಡಿ ನಿಂತರು.

ಬಿಳಿಗೆರೆಯಲ್ಲಿ ಪಂಡಿತ ಎಂದರೆ ವೈದ್ಯ. ಆ ಬಿರುದು ಇದ್ದದ್ದು ಕಡ್ಡಿಯ ಹಾಗಿದ್ದ ಅನಂತಪಂಡಿತರೊಬ್ಬರಿಗೇ. ಅವರು ನಾಡಿ ಹಿಡಿದು ಔಷಧಿ ಹೇಳುವರು. ಹಿಪ್ಪಲಿ, ಶುಂಠಿ, ಬೇರು, ನಾರು ಕುಟ್ಟಿ ಪೊಟ್ಟಣ ಕಟ್ಟಿಕೊಡುವವರು ಶೆಟ್ಟರು. ಶೆಟ್ಟರ ತೂಕ ಗುಲಗಂಜಿಯಷ್ಟೂ ತಪ್ಪಿದ್ದಿಲ್ಲ. ಅಷ್ಟಕ್ಕೇ ತೃಪ್ತಿಯಾದರೆ ಅವನು ಮನುಷ್ಯನೇ? ನಾಲ್ಕನೆಯ ದಿನ ಮಗಳು ಗಿರಿಜೆಯ ಮದುವೆ. ಧಾರೆಯ ಹೊತ್ತಿಗೆ ಪುರೋಹಿತರು "ಪಂಡಿತ ಮಲ್ಲಿಶೆಟ್ಟರ ಪುತ್ರಿ" ಎಂದು ಗಟ್ಟಿಯಾಗಿ ಹೇಳಬೇಕು, ಬೀಗರು ಬೆರಗಾಗಬೇಕು. ಶೆಟ್ಟರಿಗೆ ಹಿಡಿದ ಹುಚ್ಚು ಅದು.

ದೊರೆಗೆ ಇಕ್ಕಟ್ಟಾಯಿತು. ಅಂಗಡಿ ಮುಚ್ಚಿದರೆ ತನ್ನ ಕೆಮ್ಮಿಗೆ ಲೇಹ್ಯ ಎಲ್ಲಿಂದ ತರುವುದು? ಎಲೆಯಡಿಕೆ ತಟ್ಟೆ ಹಿಡಿದು ಪಕ್ಕದಲ್ಲಿದ್ದ ಚಿಕ್ಕತಾಯಮ್ಮನ ಮುಖ ನೋಡಿದ. ಮೂರು ತಲೆಮಾರಿನ ದೊರೆಗಳಿಗೆ ಎಲೆ ಮಡಿಚಿಕೊಟ್ಟ ಮುದುಕಿ ಅವಳು. ಅರಮನೆಯ ಕಟ್ಟಳೆಗಳೆಲ್ಲ ಅವಳ ನಾಲಗೆಯ ಮೇಲಿದ್ದವು.

"ಕೊಟ್ಬುಡಿ ಬುದ್ಧಿ," ಅಂದಳು ಚಿಕ್ಕತಾಯಮ್ಮ. "ಬಿರುದಿನ ಜೊತೇಲಿ ಅದರ ಕಟ್ಟಳೇನೂ ಬತ್ತದೆ. ಶೆಟ್ಟರೇ, ಏನೇನು ಅಂತ ಹೇಳ್ಲಾ?"

"ಬೇಡವ್ವ ಬೇಡ, ಎಲ್ಲಕ್ಕೂ ಒಪ್ಪಿದೆ!" ಎಂದು ಶೆಟ್ಟರು ದೊರೆ ಹೊದಿಸುವ ಮೊದಲೇ ಶಾಲಿಗೆ ಹೆಗಲು ಕೊಟ್ಟರು.

ಅಂಗಡಿಗೆ ಬಂದು ಕೂತರೋ ಇಲ್ಲವೋ, ರೋಗಿಗಳು ಬಂದೇಬಿಟ್ಟರು. ಮೊದಲು ಬಂದವನು ಆನೆ ಮಾವುತ.

"ಪಂಡಿತರೇ, ಕಣ್ಣು ಮುಚ್ಚಿದ ಕೂಡ್ಲೇ ನಂಗೆ ಏನೂ ಕಾಣಾಕಿಲ್ಲ."

ಪಂಡಿತರೇ ಎಂಬ ಮಾತು ಕೇಳಿ ಶೆಟ್ಟರ ಮೈ ಜುಮ್ಮೆಂದಿತು. ಅವನ ಕೈ ಹಿಡಿದು, ಸೂರು ನೋಡುತ್ತ, "ಹ್ಞೂಂ, ಪಿತ್ತ. ತುಪ್ಪ, ಬೆಲ್ಲ, ಹಾಲು, ಹಣ್ಣು ಮುಟ್ಟಬೇಡ" ಅಂದರು.

ಅರಮನೆಯ ಅಗಸಗಿತ್ತಿ ಬಂದಳು. "ಹೊಟ್ಟೆ ತುಂಬಾ ಉಂಡ ಮ್ಯಾಕೆ ಹಸಿವೇ ಆಗಾಕಿಲ್ಲ ಕಣ್ರಪ್ಪ."

"ಅಗ್ನಿಮಾಂದ್ಯ! ಅಕ್ಕಿ, ರಾಗಿ, ಬೇಳೆ ಬಿಡು."

ಕೊನೆಗೆ ಬಾಗಿಲು ಕಾಯುವವನು. "ರಾತ್ರಿ ಮಲಗಿದ್ರೆ ಬೆಳಗಾಗೋವರೆಗೂ ಎಚ್ಚರಾನೇ ಇರಾಕಿಲ್ಲ."

"ವಾಯು. ಉಪ್ಪು, ಹುಳಿ, ಖಾರ, ತರಕಾರಿ ಯಾವುದೂ ಕೂಡದು!"

ಪಥ್ಯ ಬಿಗಿಯಾದಷ್ಟೂ ಪಂಡಿತ ದೊಡ್ಡವನು ಎಂದು ಶೆಟ್ಟರ ಲೆಕ್ಕಾಚಾರ. ಕಂಡವರ ಬಾಯಿ ಕಟ್ಟಿಸುವುದಕ್ಕೆ ಇವರ ಗಂಟೇನು ಹೋಗಬೇಕು?

ಮಧ್ಯಾಹ್ನ ಮನೆಗೆ ಹೋಗಿ ಎಲೆಯ ಮುಂದೆ ಕೂತರು. ಬಿಸಿ ಅನ್ನ, ತೊವ್ವೆ, ತುಪ್ಪ, ಬದನೆಕಾಯಿ ಪಲ್ಯ. ತುತ್ತು ಇನ್ನೇನು ಬಾಯಿಗೆ ಹೋಗಬೇಕು, ಹೊಸ್ತಿಲಲ್ಲಿ ಚಿಕ್ಕತಾಯಮ್ಮ.

"ತಡೀರಿ ಪಂಡಿತರೇ! ರೋಗಿಗೆ ಯಾವ ಪಥ್ಯ ಹೇಳ್ತಾರೋ, ಅವನು ವಾಸಿಯಾಗೋವರೆಗೂ ಪಂಡಿತರೂ ಅದೇ ಪಥ್ಯದಲ್ಲಿರಬೇಕು. ಬಿಳಿಗೆರೆಯ ಕಟ್ಟಳೆ. ನೀವೇ ಒಪ್ಪಿದ್ರಲ್ಲ?"

ಶೆಟ್ಟರ ಕೈ ಅಲ್ಲೇ ನಿಂತಿತು. ಮಾವುತನ ಲೆಕ್ಕಕ್ಕೆ ತುಪ್ಪ ಹೋಯಿತು. ಅಗಸಗಿತ್ತಿಯ ಲೆಕ್ಕಕ್ಕೆ ಅನ್ನ, ತೊವ್ವೆ ಹೋದವು. ಕಾವಲಿನವನ ದೆಸೆಯಿಂದ ಪಲ್ಯವೂ ಹೋಯಿತು. ಬಾಳೆಲೆ ಒಂದೇ ಉಳಿಯಿತು, ಅದನ್ನು ದನ ತಿಂದಿತು.

"ಮತ್ತೆ ನಾನೇನು ತಿನ್ನಲಿ?"

"ಬಿಸಿನೀರಿಗೆ ನೀವು ಯಾರಿಗೂ ಪಥ್ಯ ಹೇಳಿಲ್ಲ, ಕುಡೀಬೋದು," ಅಂದಳು ಮುದುಕಿ.

ಎರಡನೆಯ ದಿನ ಶೆಟ್ಟರು ತಾವೇ ರೋಗಿಗಳ ಮನೆಬಾಗಿಲಿಗೆ ಹೋದರು. "ವಾಸಿಯಾಯ್ತೇನಪ್ಪ?"

"ಎಲ್ಲಿ ವಾಸಿ! ಈಗಿನ್ನೂ ಕಣ್ಣು ಮುಚ್ಚಿ ನೋಡಿದೆ, ಕತ್ತಲೋ ಕತ್ತಲು," ಅಂದ ಮಾವುತ. ಉಳಿದಿಬ್ಬರದೂ ಅದೇ ರಾಗ.

ಮೂರನೆಯ ದಿನ ಮದುವೆಮನೆಯಲ್ಲಿ ಚಿರೋಟಿ ಕರಿಯುವ ವಾಸನೆ ಎದ್ದಿತು. ಶೆಟ್ಟರಿಗೆ ತಡೆಯಲಾಗಲಿಲ್ಲ. ಪಂಚೆ ಎತ್ತಿ ಕಟ್ಟಿ ಅರಮನೆಗೆ ಓಡಿದರು.

"ಮಹಾಸ್ವಾಮಿ, ನನಗೆ ಈ ಬಿರುದು ಬೇಡ! ನಾಳೆ ಬೀಗರ ಪಂಕ್ತಿಯಲ್ಲಿ ಕೂತು ನಾನು ಬಿಸಿನೀರು ಕುಡಿದರೆ ಅವರು ಸುಮ್ಮನಿರ್ತಾರಾ? ತಮ್ಮ ಜೊತೆ ಉಣ್ಣೋದಕ್ಕೆ ಹೇಸಿದ ಅಂತ ಎದ್ದು ಹೋಗ್ತಾರೆ. ನನ್ನ ಗಿರಿಜೆ ಗತಿ ಏನು?" ಹೇಳುತ್ತ ಹೇಳುತ್ತ ಶೆಟ್ಟರು ಅತ್ತೇಬಿಟ್ಟರು. ಹಸಿವಿಗೆ ಅತ್ತರೋ ಮಗಳಿಗೆ ಅತ್ತರೋ, ಪಾಪ, ಎರಡಕ್ಕೂ ಇರಬೇಕು.

ಚಿಕ್ಕತಾಯಮ್ಮ ಎಲೆಗೆ ಸುಣ್ಣ ಹಚ್ಚುತ್ತ ಅಂದಳು: "ಅದಕ್ಕ್ಯಾಕೆ ಅಳ್ತೀರಿ? ರೋಗಿಗಳನ್ನ ವಾಸಿ ಮಾಡಿ, ಪಥ್ಯ ಬಿಟ್ಟೋಯ್ತದೆ."

"ಹೆಂಗೆ ಮಾಡಲವ್ವ? ಅವರಿಗೆ ಏನಾಗಿದೆ ಅಂತಲೇ ನನಗೆ ಗೊತ್ತಿಲ್ಲ!"

"ಅದು ಗೊತ್ತಿರೋರನ್ನೇ ಪಂಡಿತರು ಅನ್ನೋದು, ಶೆಟ್ಟರೇ."

ಸಭೆಯೆಲ್ಲ ಗೊಳ್ಳೆಂದಿತು. ಅಲ್ಲೇ ಇದ್ದ ಅನಂತಪಂಡಿತರು ಮೂವರು ರೋಗಿಗಳನ್ನೂ ಕರೆಸಿ, ಕೇಳಿ, ನಾಡಿ ನೋಡಿ, ಹಣೆ ಚಚ್ಚಿಕೊಂಡರು. "ಕಣ್ಣು ಮುಚ್ಚಿದರೆ ಯಾರಿಗಯ್ಯ ಕಾಣುತ್ತೆ? ಇವರಿಗೆ ರೋಗವೇ ಇಲ್ಲ. ಪಥ್ಯ ಇಲ್ಲಿಗೆ ಮುಗೀತು!"

"ಚಿಕ್ಕತಾಯಮ್ಮ ಹೇಳ್ಕೊಟ್ಟಂಗೆ ಹೇಳಿದ್ವಿ," ಎಂದು ಮಾವುತ ತಲೆ ಕೆರೆದುಕೊಂಡ.

ಅನಂತಪಂಡಿತರು ಶೆಟ್ಟರ ಬೆನ್ನು ತಟ್ಟಿದರು. "ನಿಮ್ಮನ್ನು ನೋಡಿ ನಗೋದಕ್ಕೆ ನನಗೂ ಮುಖವಿಲ್ಲ, ಶೆಟ್ಟರೇ. ನಿಮ್ಮ ಅಂಗಡೀಲಿ ನನ್ನ ಕೂರಿಸಿದರೆ ಶುಂಠಿ ಕೇಳಿದವರಿಗೆ ಅರಿಶಿನದ ಕೊಂಬು ಕೊಟ್ಟು ಕಳಿಸ್ತೀನಿ."

ದೊರೆ ನಕ್ಕು ನಕ್ಕು ಕೆಮ್ಮಿದ, ಕೆಮ್ಮಿ ಮತ್ತೆ ನಕ್ಕ. "ನಾಳೆ ಧಾರೆಯಲ್ಲಿ ಪುರೋಹಿತರು 'ಅರಮನೆಯ ಔಷಧಿ ಶೆಟ್ಟರ ಪುತ್ರಿ' ಅನ್ನಲಿ. ಆ ಹೆಸರು ಬಿಳಿಗೆರೆಯಲ್ಲಿ ಇನ್ಯಾರಿಗೂ ಇಲ್ಲ." ಆಮೇಲೆ ಶೆಟ್ಟರು ಬಿಚ್ಚಿಟ್ಟ ಶಾಲನ್ನು ಎತ್ತಿಕೊಂಡ. "ಚಿಕ್ಕತಾಯಿ, ಬಾ ಇಲ್ಲಿ. ಈ ಪಂಡಿತ ಬಿರುದಿಗೆ ನೀನೇ ಸರಿ."

ಮುದುಕಿ ನಾಲ್ಕು ಹೆಜ್ಜೆ ಹಿಂದಕ್ಕೆ ಸರಿದಳು.

"ಅಯ್ಯೋ, ಬ್ಯಾಡಿ ಬುದ್ಧಿ! ನಾಳೆ ಮದುವೆ ಊಟಕ್ಕೆ ಶೆಟ್ಟರು ನನ್ನೂ ಕರ್ದವ್ರೆ!"